ಭಾವ ತಂದಿಳಿಸಿದ ಎಲೆ ಉದುರುವ ಕಾಲ

ಈ ದಿನ ಬೆಳಿಗ್ಗೆ ಅಕ್ಕಿ, ಉದ್ದು ನೆನೆಹಾಕಿದೆ. ಎರಡು ಬಕೆಟ್ ಬಟ್ಟೆ ಹರವಿ, ಮಧ್ಯಾಹ್ನದ ಮಳೆಗೆ ಮೊದಲೇ ಒಳಗೆ ಎಳೆದುಕೊಂಡೆ. ಬೇಳೆ ಡಬ್ಬಿ ತೊಳೆದು ಒಣಗಿಸಿದೆ. ಮಗಳ ಶಾಲೆಯ ಶರಟಿಗೆ ಗುಂಡಿ ಹಾಕಿದೆ. ಸಂಜೆ ಭಾವನವರಿಗೆ ಏಣಿ ಹಿಡಿದೆ.

ಕೊನೆಯದು ಮಾತ್ರ ಸಾಮಾನ್ಯ ಕೆಲಸವಲ್ಲ. ನಮ್ಮ ಭಾವ ಋತುಗಳನ್ನು ಕೈಯಾರೆ ತಯಾರಿಸುವ ಮನುಷ್ಯ. ದೇವರು ಮಲೇಷ್ಯಾಕ್ಕೆ ಕೊಟ್ಟಿರುವುದು ಎರಡೇ ಕಾಲ: ಮಳೆ ಬಂದ ಮಧ್ಯಾಹ್ನ, ಮಳೆ ಬರಬೇಕಾಗಿದ್ದ ಮಧ್ಯಾಹ್ನ. ಮೂರನೆಯದೊಂದನ್ನು ಪುಚೊಂಗಿನ ನಮ್ಮ ಸಾಲುಮನೆಯ ಮುಂದೆ, ಕಾರು ನಿಲ್ಲಿಸುವ ಜಾಗದ ಪಕ್ಕದ ಅಂಗೈಯಗಲ ಮಣ್ಣಿನಲ್ಲಿ, ಭಾವ ತಂದಿಳಿಸಿದರು. ನಂಬುವುದಿಲ್ಲವೇ? ಏಣಿ ಹಿಡಿದವಳು ನಾನು!

ಭಾವ ಎಂದರೆ ನನ್ನ ಗಂಡನ ಅಣ್ಣ. ಕೆಳಗೆ ಅವರು ಮತ್ತು ಅಕ್ಕ, ಅಂದರೆ ನನ್ನ ಓರಗಿತ್ತಿ. ಮಹಡಿಯಲ್ಲಿ ನಾವು. ಅಡುಗೆಮನೆ ಒಂದೇ. ಕ್ಲಾಂಗ್ ಬಂದರಿನಲ್ಲಿ ತಂಪು ಕಂಟೇನರುಗಳ ಉಸ್ತುವಾರಿ ಭಾವನ ಕೆಲಸ. ಹಡಗು ಹತ್ತಿದ ಹಣ್ಣಿಗೆ ಹೊರಗಿನ ಬಿಸಿಲು ಗೊತ್ತಾಗಬಾರದು. ನಿದ್ದೆ ಮಾಡಿಕೊಂಡೇ ಅದು ಸಮುದ್ರ ದಾಟಬೇಕು. ವರ್ಷಗಟ್ಟಲೆ ಸೇಬುಹಣ್ಣುಗಳನ್ನು ಮಲಗಿಸಿ ಮಲಗಿಸಿ ಭಾವನಿಗೊಂದು ಸಿದ್ಧಾಂತ ಹುಟ್ಟಿಬಿಟ್ಟಿದೆ: ಗಿಡಮರಗಳು ನಾವು ಹೇಳಿದ್ದನ್ನು ನಂಬುತ್ತವೆ.

ಸಿದ್ಧಾಂತಕ್ಕೆ ಕೆಲಸ ಬಂದದ್ದು ಅಕ್ಕನಿಂದ. ಹಿಂದೊಮ್ಮೆ ಬಂದ ಜ್ವರ, ಹೋಗುವಾಗ ಅಕ್ಕನ ಮೂಗಿನಿಂದ ವಾಸನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ಒಗ್ಗರಣೆ, ಊದುಕಡ್ಡಿ, ಮಳೆ ಬಿದ್ದ ಮಣ್ಣು, ಯಾವುದೂ ಇಲ್ಲ. ಹಳೆಯ ಗುರುತಿನ, ಗಾಢವಾದ ವಾಸನೆಗಳನ್ನು ದಿನವೂ ಮೂಸಿ ನೋಡಿ ಎಂದರು ಡಾಕ್ಟರು. ಲವಂಗ, ನಿಂಬೆ, ಕಾಫಿಪುಡಿ ಮೂಸಿದ್ದಾಯಿತು. ಗೋಡೆ ಮೂಸಿದ ಹಾಗಿದೆ ಎಂದು ಅಕ್ಕ ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು.

ಅಕ್ಕ ದೇವನಹಳ್ಳಿ ಕಡೆಯವರು. ತವರಿನ ಚಪ್ಪರದಲ್ಲಿ ಕಪ್ಪು ದ್ರಾಕ್ಷಿ ಹಣ್ಣಾದರೆ ಬೀದಿಯ ತಿರುವಿಗೇ ಗೊತ್ತಾಗುತ್ತಿತ್ತಂತೆ. ಭಾವ ಅದನ್ನು ಹಿಡಿದುಕೊಂಡರು. ಆ ವಾಸನೆಗೆ ಅಕ್ಕನ ಮೂಗು ಬಾಗಿಲು ತೆಗೆದೇ ತೆಗೆಯುತ್ತದೆ! ಆದರೆ ಹಣ್ಣೆಲ್ಲಿ? ಇವರೇ ಹಡಗಿನಿಂದ ಇಳಿಸುವ ದ್ರಾಕ್ಷಿಗೆ ಬಣ್ಣ ಉಂಟು, ಗಾತ್ರ ಉಂಟು, ವಾಸನೆಯೊಂದಿಲ್ಲ. ನರ್ಸರಿಯಿಂದ ಕಪ್ಪು ದ್ರಾಕ್ಷಿಯ ಬಳ್ಳಿ ತಂದು ನೆಟ್ಟರು. ಅದು ಛಾವಣಿಯವರೆಗೆ ಹಬ್ಬಿತು. ಎಲೆಯೋ ಎಲೆ. ಒಂದು ಕಾಯಿಲ್ಲ.

"ಪಾಪ, ಇದಕ್ಕೆ ಬೇಸಿಗೆ ಮುಗಿದಿರೋದೇ ಗೊತ್ತಿಲ್ಲ" ಎಂದರು ಭಾವ.

ಅಂದಿನಿಂದ ಚಳಿದೇಶದವರು ಬೇಸಿಗೆಯ ಕೊನೆಗೆ ಅಂಗಳದಲ್ಲಿ ಏನೇನು ಮಾಡುತ್ತಾರೋ ಎಲ್ಲವನ್ನೂ ಫೋನಿನಲ್ಲಿ ಓದಿ ಮಾಡತೊಡಗಿದರು. ಉದುರಿದ ಎಲೆ ಎಳೆದು ಗುಡ್ಡೆ ಹಾಕುವ ಹಲ್ಲಿನ ಕೋಲು ಬಂತು. ಉದುರಿದ ಎಲೆ ಇರಲಿಲ್ಲ. ಬಳ್ಳಿಯ ಬುಡಕ್ಕೆ ಚಳಿಯಾಗದಿರಲೆಂದು ಒಣಹುಲ್ಲು ಹೊದಿಸಿದರು; ಬೆವರು ಒರೆಸಿಕೊಳ್ಳುತ್ತ ಹೊದಿಸಿದರು. ಟುಲಿಪ್ ಹೂವಿನ ಗೆಡ್ಡೆಗಳಿಗೆ ಚಳಿಗಾಲ ತೋರಿಸಲು ಅವನ್ನು ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಅಕ್ಕ ಈರುಳ್ಳಿಯೆಂದು ಎರಡನ್ನು ಹೆಚ್ಚಿಯೇಬಿಟ್ಟರು. ನಮಗಾದರೆ ಮೂಗು ಹೇಳುತ್ತಿತ್ತು. ಅವರಿಗೆ ಹೇಳಿದ್ದು ಕಣ್ಣು. "ಇದೇನೇ, ಅಳುವೇ ಬರ್ತಿಲ್ವಲ್ಲ" ಎಂದು ಚಾಕು ಕೆಳಗಿಟ್ಟರು. ಸಾಂಬಾರು ಉಳಿಯಿತು, ಟುಲಿಪ್ ಉಳಿಯಲಿಲ್ಲ.

ಕೊನೆಗೊಂದು ಭಾನುವಾರ ನನ್ನ ಕೈಗೆ ಏಣಿ ಹಿಡಿಸಿ ಭಾವ ಮೇಲೆ ಹತ್ತಿ, ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಕಿತ್ತು ಕೆಳಗೆ ಬಿಡತೊಡಗಿದರು. ಎಸೆಯುತ್ತಿರಲಿಲ್ಲ, ಬಿಡುತ್ತಿದ್ದರು, ತಾನಾಗಿ ಉದುರಿದ ಹಾಗಿರಬೇಕಲ್ಲ! "ದೊಡ್ಡಪ್ಪ, ದಿಸ್ ಈಸ್ ಟಾರ್ಚರ್ ಲಾ" ಎಂದಳು ನನ್ನ ಮಗಳು ಕಿಟಕಿಯಿಂದ. ಪಕ್ಕದ ಮನೆಯ ತಮಿಳು ಹೆಂಗಸು ಗಿಡಕ್ಕೆ ಹುಳ ಬಿದ್ದಿದೆಯೇ ಎಂದು ವಿಚಾರಿಸಿ ಬೇವಿನೆಣ್ಣೆ ಕೊಟ್ಟುಹೋದರು. ಅಕ್ಕ ಬಾಗಿಲಲ್ಲಿ ನಿಂತು, "ನಮ್ಮಪ್ಪ ಕತ್ತರಿ ಹಾಕ್ತಿದ್ರು ರೀ. ಹಿಂಗೆ ಹೇನು ಹೆಕ್ಕಿದ ಹಾಗೆ ಹೆಕ್ತಿರಲಿಲ್ಲ" ಎಂದರು. ಸರಿ, ಕತ್ತರಿಯೂ ಬಂತು. ಸಂಜೆಗೆ ಬಳ್ಳಿ ಬರೀ ಕಡ್ಡಿ, ಅಂಗಳದ ತುಂಬ ಎಲೆ. ಯಾರೂ ಗುಡಿಸಕೂಡದೆಂದು ಅಪ್ಪಣೆಯಾಯಿತು. ಬಳ್ಳಿ ನೋಡಲಿ, ನಂಬಲಿ!

ನಾನು ನಂಬಿರಲಿಲ್ಲ. ಆದರೆ ಕೆಲವು ವಾರ ಕಳೆದು ಬಟ್ಟೆ ಹರವಲು ಹೋದವಳು ಬಕೆಟ್ ಹಿಡಿದೇ ನಿಂತುಬಿಟ್ಟೆ. ಸತ್ತಂತಿದ್ದ ಕಡ್ಡಿಯ ಗಿಣ್ಣುಗಿಣ್ಣಿನಲ್ಲೂ ನಸುಗೆಂಪು ಚಿಗುರು. ಚಿಗುರಿನ ಮಗ್ಗುಲಲ್ಲಿ ಸಾಸಿವೆ ಪೋಣಿಸಿದಂಥ ಹಸಿರು ಗೊಂಚಲು. ಇಡೀ ಭೂಮಿ ವಾಲಿಕೊಂಡು ತಿರುಗಿ ಮಾಡುವ ಕೆಲಸವನ್ನು ಲುಂಗಿ ಉಟ್ಟ ಒಬ್ಬ ಮನುಷ್ಯ ಏಣಿಯ ಮೇಲೆ ನಿಂತು ಮಾಡಿದ್ದರು. ಅಲ್ಲಿಯವರೆಗೆ ಭಾವನ ಬೆನ್ನ ಹಿಂದೆ ನಗುತ್ತಿದ್ದ ನಾನು, ಆಮೇಲೆ ನಗಲಿಲ್ಲ.

ಈ ಸಂಜೆ ಏಣಿ ಹಾಕಿ ಇಳಿಸಿದ್ದು ಆ ಗೊಂಚಲುಗಳಲ್ಲಿ ಮಾಗಿದ ಹಣ್ಣನ್ನು. ಒಂದೇ ಗೊಂಚಲು, ಉಳಿದವನ್ನು ಹಕ್ಕಿಗಳೂ ಮಳೆಯೂ ಹಂಚಿಕೊಂಡಿದ್ದವು. ಭಾವ ಅದನ್ನು ಎರಡೂ ಕೈಯಲ್ಲಿ ಒಳಗೆ ತಂದರು. ಮನೆಯೆಲ್ಲ ಘಮ್ಮೆಂದಿತು. ಅಕ್ಕ ಕಣ್ಣು ಮುಚ್ಚಿ ಮೂಸಿದರು. ಒಂದು ಹಣ್ಣು ಹಿಸುಕಿ ಮೂಸಿದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಇಲ್ಲ ರೀ" ಎಂದರು ಮೆಲ್ಲಗೆ.

ಭಾವ ಗೊಂಚಲನ್ನೇ ನೋಡಿದರು. "ಇನ್ನೊಂದ್ಸಲ ಎಲೆ ಉದುರಿಸೋಣ ಬಿಡು" ಎಂದರು.

ಅಕ್ಕ ಅವರಿಗಾಗಿ ಮತ್ತೊಮ್ಮೆ ಮೂಸಿದರು. ಮೂಗು ಸುಕ್ಕುಗಟ್ಟಿತು. ಗೊಂಚಲನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ಏನೋ ಸೀದು ಹೋಗ್ತಿದೆ ಕಣೇ."

ಹುಳಿ! ಒಲೆಯ ಮೇಲಿಟ್ಟು ಮರೆತೇಬಿಟ್ಟಿದ್ದೆ. ಉಸಿರು ಹಿಡಿದು ನಿಂತವರಿಗೆ ಎಲ್ಲಿಂದ ಗೊತ್ತಾಗಬೇಕು? ಒಲೆಯತ್ತ ಓಡಿದವಳು ಅರ್ಧದಲ್ಲೇ ನಿಂತು ತಿರುಗಿ ನೋಡಿದೆ. ಭಾವ ನೆಲದ ಮೇಲೆ ಕೂತುಬಿಟ್ಟಿದ್ದರು.

"ಇನ್ನೊಂದ್ಸಲ ಹೇಳು" ಎಂದರು ಅಕ್ಕನಿಗೆ.

ಊಟಕ್ಕೆ ಅನ್ನ, ತಳ ಹಿಡಿದ ಸೋರೆಕಾಯಿ ಹುಳಿ, ಹಪ್ಪಳ. ಆಮೇಲೆ ತಲೆಗಿಷ್ಟು ದ್ರಾಕ್ಷಿ. ಹುಳಿ ಬೇಡವೆಂದು ಯಾರೂ ಅನ್ನಲಿಲ್ಲ, ಭಾವ ಎರಡು ಸಲ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ, ಸೋಫಾದ ಮೇಲೆ, ಅಂಗಿಗೆ ಅಂಟಿದ್ದ ದ್ರಾಕ್ಷಿ ಎಲೆಯ ಸಮೇತ. ಸೀದ ಪಾತ್ರೆಯನ್ನು ನೆನೆಹಾಕಲು ಹೋದರೆ ಅಕ್ಕ ಬಿಡಲಿಲ್ಲ. ನಾಳೆ ತೊಳೆದರಾಯಿತು ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ಮುಚ್ಚಿ, ಮತ್ತೆ ತೆಗೆದು ಮೂಸುತ್ತ, ಭಾವನ ಪಕ್ಕದಲ್ಲಿ ಕೂತಿದ್ದರು.