ದನದ ಡಾಕ್ಟರ ಗಾಡಿಗೆ ಹೊಸ ಹೆಡರ್

ನಾನು ದನದ ಡಾಕ್ಟರು. ನನ್ನ ಹತ್ತಿರ ಒಂದು ಸ್ಪೋರ್ಟ್ಸ್ ಕಾರು ಇದೆ. ಈ ಎರಡು ಮಾತುಗಳನ್ನು ಒಂದರ ಬೆನ್ನಿಗೊಂದು ಹೇಳಿದರೆ, ಎರಡರಲ್ಲಿ ಒಂದು ಸುಳ್ಳಿರಬೇಕು ಎಂಬಂತೆ ಜನ ನನ್ನ ಮುಖ ನೋಡುತ್ತಾರೆ. ಎರಡೂ ನಿಜ. ಚಿಕ್ಕೋಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ದನ, ಎಮ್ಮೆ, ಆಡು, ಕುರಿಗಳ ಹೊಟ್ಟೆಯಲ್ಲಿ ಕೈಹಾಕಿ ಬದುಕಿದವನು ಐವತ್ತೆರಡನೆಯ ವಯಸ್ಸಿನಲ್ಲಿ ಎರಡೇ ಸೀಟಿನ ಕೆಂಪು ಗಾಡಿ ಕೊಂಡರೆ ಅದಕ್ಕೊಂದು ಕಾರಣ ಬೇಕು. ನನ್ನ ಕಾರಣ ಬಹಳ ಸಾದಾ. ಸಾಂಗ್ಲಿಯಲ್ಲಿ ಕೋಳಿ ಫಾರ್ಮಿನ ಒಬ್ಬ ಗೆಳೆಯರಿದ್ದಾರೆ. ಗಾಡಿ ಮೊದಲು ಅವರದಾಗಿತ್ತು. ಅವರ ಮೊಣಕಾಲಿನ ಡಾಕ್ಟರು ಇನ್ನು ಮುಂದೆ ನೆಲದ ಮೇಲೆ ಕೂಡಬಾರದು ಎಂದು ಹೇಳಿದರಂತೆ. ಆ ಗಾಡಿಯಲ್ಲಿ ಕೂಡುವುದೆಂದರೆ ನೆಲದ ಮೇಲೆ ಕೂತಂತೆಯೇ. ಹಾಗಾಗಿ ಅವರು ಎದ್ದರು, ನಾನು ಕೂತೆ.

ಕೂತದ್ದೇನೋ ನಿಜ, ಏಳುವುದು ಬೇರೆ ವಿದ್ಯೆ. ಮೊದಲು ಬಲಗಾಲು ಹೊರಗಿಡಬೇಕು, ಆಮೇಲೆ ಬಾಗಿಲು ಹಿಡಿಯಬೇಕು, ಆಮೇಲೆ ಹತ್ತಿರ ಯಾರಾದರೂ ಇದ್ದಾರೆಯೇ ನೋಡಬೇಕು. ನನ್ನ ಹೆಂಡತಿ ಸುನಂದಾ ಒಂದೇ ಸಲ ಅದರಲ್ಲಿ ಬಂದಳು, ನಿಪ್ಪಾಣಿಯ ಒಂದು ಮದುವೆಗೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸಲು ನಿಂತಿದ್ದ ಇಬ್ಬರು ಹೆಂಗಸರು ತಟ್ಟೆ ಕೆಳಗಿಟ್ಟು ಅವಳನ್ನು ಎಳೆದು ನಿಲ್ಲಿಸಿದರು. ಅಂದಿನಿಂದ ಅವಳ ಸೀಟಿನಲ್ಲಿ ಕೃತಕ ಗರ್ಭಧಾರಣೆಯ ನೈಟ್ರೋಜನ್ ಕ್ಯಾನು ಕೂಡುತ್ತದೆ. ಅದಕ್ಕೆ ಸೀಟ್ ಬೆಲ್ಟ್ ಕಟ್ಟುತ್ತೇನೆ. ಸುನಂದಾ ಅದನ್ನು ನೋಡಿ ಒಮ್ಮೆ, "ನನಗ ಕಟ್ಟಿರಲಿಲ್ಲ" ಎಂದಳು, ಅಷ್ಟೇ.

ಈ ಗಾಡಿ ಹೋದ ವರ್ಷ ಕಬ್ಬಿನ ಹಂಗಾಮಿನ ಹೊತ್ತಿಗೆ ಏರಿನಲ್ಲಿ ಏದುಸಿರು ಬಿಡಲು ಶುರು ಮಾಡಿತು. ನಿಪ್ಪಾಣಿಯ ಬಾಳು ಮಿಸ್ತ್ರಿಯ ಹತ್ತಿರ ಒಯ್ದೆ. ಬಾಳು ಮಿಸ್ತ್ರಿ ಗಾಡಿಯ ಜೊತೆ ಮರಾಠಿಯಲ್ಲಿಯೂ ಗಾಡಿಯ ಮಾಲೀಕರ ಜೊತೆ ಕನ್ನಡದಲ್ಲಿಯೂ ಮಾತಾಡುವ ಮನುಷ್ಯ. ಬಾನೆಟ್ ಎತ್ತಿ, ಕಿವಿಯಿಟ್ಟು ಕೇಳಿ, ಒಂದು ಕೊಳವೆಯ ಮೇಲೆ ಬೆರಳಿಂದ ಬಡಿದು ನೋಡಿದ. ನಾನು ಎಮ್ಮೆಯ ಹೊಟ್ಟೆ ಬಡಿದು ನೋಡುವುದೂ ಹಾಗೆಯೇ. ಒಂದೇ ವೃತ್ತಿಯವರೆಂಬ ಪ್ರೀತಿ ಹುಟ್ಟಿತು.

"ಡಾಕ್ಟರ್ ಸಾಹೇಬ್ರ, ಎಂಜಿನ್ ಚಲೋ ಐತ್ರಿ. ಉಸಿರು ಹೊರಗ ಬಿಡಾಕ ಆಗವಲ್ದು. ಇದಕ್ಕ ಹೊಸ ಹೆಡರ್ ಹಚ್ಚಬೇಕು" ಎಂದ.

ಹೆಡರ್ ಎಂದರೇನೆಂದು ನನಗೂ ಅಂದೇ ತಿಳಿದದ್ದು. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಹೊರಬೀಳುವ ಹೊಗೆಯನ್ನು ಒಟ್ಟುಮಾಡಿ ಹಿಂದಿನ ಸೈಲೆನ್ಸರಿಗೆ ಕಳಿಸುವ ಕೊಳವೆಗಳ ಗೊಂಚಲು ಅದು. ಕಂಪನಿಯವರು ಕೊಟ್ಟಿದ್ದು ಬೀಡು ಕಬ್ಬಿಣದ್ದು, ಮೊಂಡು, ಗಿಡ್ಡ. ಮಿಸ್ತ್ರಿ ತೋರಿಸಿದ ಹೊಸದು ಸ್ಟೀಲಿನದು. ನಾಲ್ಕು ಉದ್ದನೆಯ ನಳಿಗೆಗಳು ಬಳುಕಿ ಬಂದು ಒಂದಾಗುತ್ತಿದ್ದವು. ನಿಜ ಹೇಳುತ್ತೇನೆ, ಆಕಳ ಕೆಚ್ಚಲನ್ನು ಬಿಟ್ಟರೆ ನಾಲ್ಕು ಕೊಳವೆಗಳು ಇಷ್ಟು ಚಂದ ಕೂಡಿದ್ದನ್ನು ನಾನು ಕಂಡಿರಲಿಲ್ಲ. ಕೊಲ್ಹಾಪುರದ ಯಾರೋ ಗಿರಾಕಿ ಅದನ್ನು ತರಿಸಿ, ಹಚ್ಚಿಸುವ ಮೊದಲೇ ಗಾಡಿಯನ್ನೇ ಮಾರಿಬಿಟ್ಟಿದ್ದರಂತೆ.

"ಎಂಟು ಕುದುರೆ ತಾಕತ್ತು ಹೆಚ್ಚಾಗತೈತ್ರಿ" ಎಂದ ಮಿಸ್ತ್ರಿ.

ಮನೆಗೆ ಬಂದು ಸುನಂದಾಳಿಗೆ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಏನು ಹೇಳಿದರೂ ಉತ್ತರ ಬರುವತನಕ ಬಿಡುವುದಿಲ್ಲ.

"ಅದನ್ನ ಹಚ್ಚಿದರ ಸೀಟು ಹೆಚ್ಚಾಗತಾವೇನು?"

"ಇಲ್ಲ."

"ಎತ್ತರ ಆಗತೈತೇನು?"

"ಇಲ್ಲ."

"ಮತ್ತೇನಾಗತೈತಿ?"

"ಎಂಟು ಕುದುರೆ ತಾಕತ್ತು. ಮತ್ತ ಸ್ವಲ್ಪ ಸಪ್ಪಳ."

"ಕುದುರೆ ಯಾವಾಗ ಸಿಗತಾವ?"

ಇಲ್ಲಿ ನಾನು ಸಿಕ್ಕಿಬಿದ್ದೆ. ಎಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿದ ಮೇಲೆಯೇ ಆ ಕುದುರೆಗಳು ಬರುತ್ತವೆ ಎಂದು ಮಿಸ್ತ್ರಿ ಹೇಳಿದ್ದ. ಅದಕ್ಕಿಂತ ಕೆಳಗೆ ಇದ್ದ ಕುದುರೆಗಳೂ ಒಂದೆರಡು ಕಡಿಮೆಯಾಗಬಹುದು ಎಂದೂ ಮೆಲ್ಲಗೆ ಸೇರಿಸಿದ್ದ. ನಮ್ಮ ಭಾಗದಲ್ಲಿ ಕಬ್ಬಿನ ಹಂಗಾಮಿನಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಮುಂದಿರುವಾಗ ಐದು ಸಾವಿರ ಸುತ್ತು ಸಿಗುವುದು ನಿಂತಲ್ಲೇ ನ್ಯೂಟ್ರಲ್ಲಿನಲ್ಲಿ ಮಾತ್ರ. ಅದರಲ್ಲೂ ನನ್ನ ಗಾಡಿಯಿಂದ ಮೇಲೆ ನೋಡಿದರೆ ಕಾಣುವುದು ಟ್ರೇಲರಿನ ಅಡಿ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ನನ್ನನ್ನು ದಾಟಿ ಹೋಗುವಾಗ ಯಾವುದೋ ಮಗುವನ್ನು ದಾಟಿದಂತೆ ಹಾರ್ನ್ ಬಾರಿಸಿ ಎಚ್ಚರಿಸುತ್ತಾನೆ.

ಈ ಲೆಕ್ಕವನ್ನೆಲ್ಲ ಕೇಳಿ ಸುನಂದಾ, "ಅಂದರ ನಿಮಗ ಬೇಕಾಗಿದ್ದು ಸಪ್ಪಳ" ಎಂದಳು. ಗಣಿತದವರ ಜೊತೆ ಸಂಸಾರ ಮಾಡುವುದು ಕಷ್ಟ.

ಮೂರು ವಾರ ಹಚ್ಚಿಸಲೋ ಬೇಡವೋ ಎಂದು ಒದ್ದಾಡಿದೆ. ಕೊನೆಗೆ ಬಾಳು ಮಿಸ್ತ್ರಿಯೇ ದಾರಿ ತೋರಿಸಿದ. "ಎಂಟು ದಿವಸ ಹಚ್ಚಿ ನೋಡ್ರಿ. ಮನಸಿಗೆ ಬಂದರ ಇಟ್ಕೋರಿ, ಬರಲಿಲ್ಲಂದ್ರ ತಿರುಗಿ ಬಿಚ್ಚೂಣು." ಎಂಟು ದಿನಗಳಲ್ಲಿ ಯಾರ ಮನೆ ಮುಳುಗುತ್ತದೆ ಎಂದುಕೊಂಡು ಹಚ್ಚಿಸಿದೆ. ಗಾಡಿ ಚಾಲೂ ಮಾಡಿದಾಗ ಬಂದ ಸದ್ದನ್ನು ಬರೆದು ತಿಳಿಸಲು ಬರುವುದಿಲ್ಲ. ಗಂಟಲು ಸರಿಪಡಿಸಿಕೊಂಡು ಭಾಷಣಕ್ಕೆ ನಿಂತ ದೊಡ್ಡ ಗೂಳಿಯೊಂದನ್ನು ಊಹಿಸಿಕೊಳ್ಳಿ. ಚಿಕ್ಕೋಡಿಗೆ ಬರುವ ದಾರಿಯುದ್ದಕ್ಕೂ ನಾನು ಕಿಟಕಿ ತೆರೆದಿಟ್ಟು, ಬಿಗಿದ ಮುಖ ಮಾಡಿಕೊಂಡು ಬಂದೆ. ಒಳಗೆ ಹದಿನೆಂಟು ವರ್ಷದವನು ಕುಣಿಯುತ್ತಿದ್ದ. ಬಲಗಾಲಿನ ಹತ್ತಿರ ಶಾಖ ಏರಿ ಚಪ್ಪಲಿಯ ಅಂಚು ಮೆತ್ತಗಾಗಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮೂರನೆಯ ದಿನ ಬೆಳಿಗ್ಗೆ ಯಡೂರಿನ ಗಂಗವ್ವ ಫೋನ್ ಮಾಡಿಸಿದಳು. ಅವಳ ಎಮ್ಮೆ ಈದು ಎರಡು ದಿನವಾಗಿತ್ತು, ಬೆಳಗಿನಿಂದ ಬಿದ್ದುಕೊಂಡಿದೆ, ಏಳುತ್ತಿಲ್ಲ. ಹೋಗಿ ನೋಡಿದೆ. ಕುತ್ತಿಗೆ ಹೊರಳಿಸಿ ಮಲಗಿತ್ತು, ಕಿವಿ ತಣ್ಣಗಿದ್ದವು. ಮೈಯೊಳಗಿನ ಸುಣ್ಣವೆಲ್ಲ ಹಾಲಿಗೆ ಇಳಿದುಹೋದಾಗ ಹೀಗಾಗುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಟ್ಟರೆ ಅರ್ಧ ತಾಸಿನಲ್ಲಿ ಎದ್ದು ನಿಲ್ಲುತ್ತದೆ. ನನ್ನ ವೃತ್ತಿಯಲ್ಲಿ ನಾನು ದೇವರಂತೆ ಕಾಣುವ ಸಂದರ್ಭ ಇದೊಂದೇ. ಬಾಟಲಿ ಖಾಲಿ ಮಾಡಿ, ಕೈ ತೊಳೆದು, ಸುತ್ತ ಕೂಡಿದ್ದ ಹತ್ತು ಮಂದಿಗೆ ಕೇಳುವಂತೆ, "ಅರ್ಧ ತಾಸು ನೋಡ್ರಿ, ತಾನ ಏಳತೈತಿ" ಎಂದು ಚಹಾಕ್ಕೆ ಕೂತೆ.

ಇಪ್ಪತ್ತು ನಿಮಿಷವಾಗಿರಬೇಕು. ಹೊರಗೆ ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಬಂದು ನಿಂತಿತು. ನನ್ನ ಗಾಡಿ ದಾರಿಗೆ ಅಡ್ಡವಿತ್ತು. ಚಹಾ ಅರ್ಧಕ್ಕೆ ಬಿಟ್ಟು ಹೋಗಿ ಗಾಡಿ ಚಾಲೂ ಮಾಡಿದೆ. ಗೂಳಿ ಗುಟುರು ಹಾಕಿತು. ಗೋಡೆಯ ಆಚೆ ಎಮ್ಮೆ ನಾಲ್ಕೂ ಕಾಲಿನ ಮೇಲೆ ಒಮ್ಮೆಲೇ ಎದ್ದು, ಗೂಟ ಕಿತ್ತುಕೊಂಡು, ನನ್ನ ಚಹಾದ ಕಪ್ಪನ್ನು ದಾಟಿ ಹಿತ್ತಲಿಗೆ ಓಡಿತು.

ಜನ ನನ್ನನ್ನು ನೋಡಲಿಲ್ಲ. ಗಾಡಿಯನ್ನು ನೋಡಿದರು.

"ಗಾಡಿ ಎಬ್ಬಿಸ್ತು" ಎಂದಳು ಗಂಗವ್ವ.

"ಗಾಡಿ ಅಲ್ಲಬೇ, ಔಷಧ. ಅರ್ಧ ತಾಸು ಅಂತ ಮೊದಲ ಹೇಳಿದ್ನಲ್ಲ" ಎಂದೆ.

ಗಂಗವ್ವ ಸಿಟ್ಟಾಗಲಿಲ್ಲ, ವಾದವನ್ನೂ ಮಾಡಲಿಲ್ಲ. ತಿಳಿಸಿ ಹೇಳಿದಳು. "ನೀವು ಔಷಧ ಕೊಟ್ರಿ, ಮಲಗಿತ್ತು. ಚಹಾ ಕುಡದ್ರಿ, ಮಲಗಿತ್ತು. ಗಾಡಿ ಚಾಲೂ ಮಾಡಿದ್ರಿ, ಎದ್ದಿತು. ಇಷ್ಟು ಮಂದಿ ನೋಡ್ಯಾರ. ಔಷಧಾನೂ ಚಲೋನ ಇರಬೇಕ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಎರಡು ದಿನಗಳಲ್ಲಿ ಈ ಸುದ್ದಿ ಹೊಳೆ ದಾಟಿ ಹೋಯಿತು. ಕುಡಚಿಯಲ್ಲಿ ಹಾಲಿನ ವ್ಯಾಪಾರ ಮಾಡುವ ದಸ್ತಗೀರ ಸಾಹೇಬರು ಫೋನ್ ಮಾಡಿದರು. ಅವರ ಆಕಳೂ ಈದು ಬಿದ್ದುಕೊಂಡಿತ್ತು. "ಡಾಕ್ಟರ್ ಸಾಬ್, ನಿಮ್ಮ ಗಾಡಿ ಇವತ್ತ ಖಾಲಿ ಐತೇನ್ರಿ?" ಎಂದು ಕೇಳಿದರು. ನಾನು ಖಾಲಿ ಇದ್ದೇನೆ ಎಂದೆ. "ನಿಮಗ ತಕಲೀಫ್ ಬ್ಯಾಡ್ರಿ. ಯಾರದಾದ್ರೂ ಕೈಯಾಗ ಗಾಡಿ ಕಳಿಸಿಕೊಟ್ರ ಸಾಕಾಗತೈತಿ" ಎಂದರು. ಅವರ ದನಿಯಲ್ಲಿ ನನ್ನ ಬಗ್ಗೆ ನಿಜವಾದ ಕಾಳಜಿ ಇತ್ತು. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು.

ಇಪ್ಪತ್ತಾರು ವರ್ಷದ ವಿದ್ಯೆಯ ಮಾನ ಉಳಿಸಲೇಬೇಕೆಂದು ಹೊರಟೆ. ಉಪಾಯವನ್ನೂ ಹೂಡಿದೆ. ಊರ ಹೊರಗೆ ರಸ್ತೆ ಪಕ್ಕದಲ್ಲಿಯೇ ಗಾಡಿ ನಿಲ್ಲಿಸಿ, ಚೀಲ ಹೊತ್ತು ನಡೆದುಕೊಂಡು ಹೋದೆ. ಬೆವರು ಸುರಿಸುತ್ತ ಬಾಟಲಿ ಹಚ್ಚಿದೆ. ಹದಿನೈದೇ ನಿಮಿಷಕ್ಕೆ ಆಕಳು ಎದ್ದು ನಿಂತು ಮೈ ಜಾಡಿಸಿತು. ನನಗೆ ಕುಣಿಯುವಷ್ಟು ಸಂತೋಷ. "ನೋಡ್ರಿ ಸಾಹೇಬ್ರ, ಇಲ್ಲೆ ಎಲ್ಲೆರ ಗಾಡಿ ಐತೇನು?" ಎಂದೆ.

ದಸ್ತಗೀರ ಸಾಹೇಬರು ಗಡ್ಡ ನೀವಿಕೊಂಡು, "ನೀವು ಬರೂಮುಂದ ಸಪ್ಪಳ ಇಲ್ಲೀಮಟ ಕೇಳಿತ್ರಿ. ಆಗಲೇ ಕಿವಿ ಅಳ್ಳಾಡಿಸಿತ್ತು" ಎಂದರು.

ಅಂದೇ ನಿರ್ಧಾರ ಮಾಡಿದೆ. ಎಂಟು ಕುದುರೆಗಳೂ ಬೇಡ, ಗೂಳಿಯೂ ಬೇಡ. ಈ ಹೆಡರ್ ನನ್ನ ಗಾಡಿಯಲ್ಲಿ ಇರುವತನಕ ನಾನು ಅದರ ಡ್ರೈವರ್ ಮಾತ್ರ. ಎಂಟನೆಯ ದಿನ ನಿಪ್ಪಾಣಿಗೆ ಹೋಗಿ ಬಿಚ್ಚಿಸಿದೆ. ಮಿಸ್ತ್ರಿ ಹಳೆಯದನ್ನು ಕೂಡಿಸಿದ. ಸುನಂದಾ ಅಂದು ಹೋಳಿಗೆ ಮಾಡಿದಳು. ನಾನು ಬುದ್ಧಿವಂತನಾದಾಗ ಅವಳು ಹೋಳಿಗೆ ಮಾಡುತ್ತಾಳೆ. ವರ್ಷಕ್ಕೆ ಒಂದೆರಡು ಸಲ ತಿನ್ನಲು ಸಿಗುತ್ತದೆ.

ಆಮೇಲಿನ ವಾರ ಭೋಜದಿಂದ ಕರೆ ಬಂತು. ಅಲ್ಲಿಯ ರೈತ ರಾವಸಾಹೇಬರ ಮನೆಯಲ್ಲಿ ಎಮ್ಮೆ ಬಿದ್ದಿತ್ತು. ಅದೇ ಕಾಯಿಲೆ, ಅದೇ ಔಷಧ. ಬಾಟಲಿ ಮುಗಿಯಿತು. ಅರ್ಧ ತಾಸಾಯಿತು. ಎಮ್ಮೆ ಮೆಲುಕು ಹಾಕುವ ಮನಸ್ಸನ್ನೂ ಮಾಡಲಿಲ್ಲ. ಒಂದು ತಾಸಾಯಿತು. ಕೆಲವಕ್ಕೆ ಎರಡನೆಯ ಬಾಟಲಿ ಬೇಕಾಗುತ್ತದೆ, ಅದು ಪುಸ್ತಕದಲ್ಲಿಯೇ ಇದೆ. ಎರಡನೆಯದನ್ನೂ ಹಚ್ಚಿದೆ. ಕಟ್ಟೆಯ ಮೇಲೆ ಕೂತ ಮಂದಿಯಲ್ಲಿ ಯಾರೋ ಮೆಲ್ಲಗೆ, "ಪೈಪ್ ಬಿಚ್ಚಿಸ್ಯಾರಂತ" ಎಂದರು. ರಾವಸಾಹೇಬರು ಮರ್ಯಾದಸ್ಥರು, ಆ ಮಾತನ್ನು ಕೇಳಿಸಿಕೊಳ್ಳದವರಂತೆ ನನಗೆ ಎರಡನೆಯ ಸಲ ಚಹಾ ತರಿಸಿದರು.

ಇಲ್ಲಿಂದ ಮುಂದಿನದನ್ನು ನಾನು ನನ್ನ ವೃತ್ತಿಬಾಂಧವರಿಗೆ ಯಾರಿಗೂ ಹೇಳಿಲ್ಲ. ಚಹಾ ಕುಡಿದು ಎದ್ದೆ. ಗಾಡಿಯಲ್ಲಿ ಪುಸ್ತಕ ನೋಡಿ ಬರುತ್ತೇನೆ ಎಂದೆ. ಗಾಡಿಯಲ್ಲಿ ಪುಸ್ತಕವಿರಲಿಲ್ಲ. ಕೂತು, ಅತ್ತಿತ್ತ ನೋಡಿ, ಚಾಲೂ ಮಾಡಿ, ನ್ಯೂಟ್ರಲ್ಲಿನಲ್ಲಿ ರೇಸ್ ಮಾಡಿದೆ. ಹಳೆಯ ಹೆಡರಿನಿಂದ ಹೊಲಿಗೆ ಯಂತ್ರದಂಥ ಸದ್ದು ಬಂತು. ಇನ್ನೊಮ್ಮೆ ಮಾಡಿದೆ. ಎಮ್ಮೆ ತಲೆ ಹೊರಳಿಸಿ ನನ್ನ ಕಡೆ ನೋಡಿತು. ಕಟ್ಟೆಯ ಮೇಲಿದ್ದವರೂ ನೋಡಿದರು. ಎಮ್ಮೆ ಮತ್ತೆ ತಲೆ ಕೆಳಗಿಟ್ಟಿತು.

ನಾನು ಇಳಿಯುವಷ್ಟರಲ್ಲಿ, ಅಂದರೆ ಸ್ವಲ್ಪ ಹೊತ್ತಾದ ಮೇಲೆ, ಅದು ಎದ್ದು ನಿಂತಿತ್ತು. ಎರಡನೆಯ ಬಾಟಲಿಯಿಂದಲೇ ಎದ್ದದ್ದು. ಅದರಲ್ಲಿ ಅನುಮಾನವೇ ಇಲ್ಲ. ರಾವಸಾಹೇಬರು ಕೈಮುಗಿದು, "ಸಣ್ಣ ಸಪ್ಪಳಕ್ಕೂ ಎದ್ದಿತಲ್ರಿ, ಸಾಕು. ತುಸು ತಡ ಆತು ಅಷ್ಟ" ಎಂದರು.

ಭೋಜದಿಂದ ನಿಪ್ಪಾಣಿ ದೂರವೇನಲ್ಲ. ಗಾಡಿ ತಾನಾಗಿ ಆ ಕಡೆ ತಿರುಗಿತು ಎಂದರೆ ನೀವು ನಂಬುವುದಿಲ್ಲ, ಸುನಂದಾಳೂ ನಂಬಲಿಲ್ಲ. ಬಾಳು ಮಿಸ್ತ್ರಿ ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದ. ಹೊಸ ಹೆಡರನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಮೊಳೆಗೆ ತೂಗುಹಾಕಿದ್ದ.

"ಯಾರಿಗೂ ಕೊಟ್ಟಿಲ್ಲೇನು?" ಎಂದೆ.

"ನಿಮ್ಮ ಗಾಡಿಗೆ ಹಚ್ಚಿದ ಮ್ಯಾಲ ಬ್ಯಾರೆಯವರಿಗೆ ಹ್ಯಾಂಗ ಕೊಡಲ್ರಿ? ಬರ್ತೀರಂತ ಗೊತ್ತಿತ್ತು" ಎಂದು ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ.

ಮನೆಯಲ್ಲಿ ನಾನು ಎಂಜಿನ್ನಿನ ಆರೋಗ್ಯಕ್ಕಾಗಿ ಹಚ್ಚಿಸಿದೆ ಎಂದು ಹೇಳಿದ್ದೇನೆ. ಸುನಂದಾ ಹೂಂ ಎಂದಳು. ಹೋಳಿಗೆಯ ಮಾತು ಮತ್ತೆ ಬಂದಿಲ್ಲ. ಯಡೂರು, ಕುಡಚಿ, ಭೋಜ, ಎಲ್ಲಿಂದ ಕರೆ ಬಂದರೂ ಹೋಗುತ್ತೇನೆ. ಔಷಧದಿಂದಲೋ ಗಾಡಿಯಿಂದಲೋ ಎಂದು ಈಗ ಯಾರ ಜೊತೆಯೂ ವಾದಕ್ಕಿಳಿಯುವುದಿಲ್ಲ, ಎರಡನ್ನೂ ಕೊಡುತ್ತೇನೆ. ಪ್ರಮಾಣವನ್ನು ಮಾತ್ರ ಅನುಭವದಿಂದ ನಿಗದಿ ಮಾಡಿಕೊಂಡಿದ್ದೇನೆ. ಎಮ್ಮೆಗೆ ಮೂರು ರೇಸ್, ಆಕಳಿಗೆ ಎರಡು. ಗಬ್ಬದ ದನಗಳಿಗೆ ಕೊಡುವುದಿಲ್ಲ.