ಹಸಿರು ಚಾದರದ ಮೇಲೆ ವಿಕಾಸವಾದ

ವಿಕಾಸವಾದವನ್ನು ಮುಳಬಾಗಿಲಿನ ಮೂರನೇ ತರಗತಿಗೆ ಎಳೆದು ತಂದೇ ತೀರುತ್ತೇನೆ ಎಂದು ಸೌಪರ್ಣಿಕಾ ಪಣ ತೊಟ್ಟಾಗ ಅವಳ ಗಂಡ ವಂಶಿಕೃಷ್ಣ ಹಲ್ಲುಜ್ಜುತ್ತಿದ್ದ. ಬಾಯ್ತುಂಬ ನೊರೆ ಇದ್ದುದರಿಂದ ಆಕ್ಷೇಪಣೆ ದಾಖಲಾಗಲಿಲ್ಲ.

ಬೆಂಗಳೂರಿನಲ್ಲಿ ಓದಿ ಬೆಳೆದ ಸೌಪರ್ಣಿಕಾಳಿಗೆ ಚಿಂತೆಗಳು ನೂರು. ಆ ತರಗತಿಯಲ್ಲೇ ಓದುವ ಮಗಳು ಮೇಧಾ ಬರೀ ಉರು ಹೊಡೆದುಕೊಂಡೇ ದೊಡ್ಡವಳಾಗಿಬಿಟ್ಟರೆ ಎಂಬುದು ಆ ನೂರರ ಮಹಾರಾಣಿ! ಅವಳ ಶಾಲೆಯಲ್ಲಿ ಶುಕ್ರವಾರಕ್ಕೊಂದು 'ಮಾಡಿ ಕಲಿ' ಪೀರಿಯಡ್ ಇತ್ತು. ಅದನ್ನೂ ಕಿತ್ತು ಮಗ್ಗಿಗೆ ಕೊಡಲು ಹೆಡ್‌ಮಾಸ್ಟರ್ ಕೋದಂಡರಾಮಪ್ಪನವರು ತುದಿಗಾಲಲ್ಲಿ ನಿಂತಿದ್ದರು.

"ಒಂದೇ ಒಂದು ಶುಕ್ರವಾರ ನಿಮಗೆ ಕೊಡ್ತೀನಮ್ಮಾ. ಮಕ್ಕಳಿಗೆ ಅರ್ಥ ಆದ್ರೆ ಸರಿ. ಬರೀ ಗಲಾಟೆ ಆದ್ರೆ ಸೋಮವಾರದಿಂದ ಮಗ್ಗಿ!"

"ಮಗ್ಗಿ ಹೇಳ್ಕೊಂಡು ಯಾವ ಪ್ರಾಣಿನೂ ವಿಕಾಸ ಆಗಿಲ್ಲ ಸಾರ್!" ಎಂದು ಗುಡುಗಿ ಮನೆಗೆ ಬಂದಳು.

ಯೋಜನೆ ಸರಳವಾಗಿತ್ತು. ಹಸಿರು ಚಾದರವೇ ಹುಲ್ಲುಗಾವಲು. ಅದರ ಮೇಲೆ ಅರ್ಧ ಹಸಿರು ಅವರೆಕಾಳು, ಅರ್ಧ ಕೆಂಪು ಬಣ್ಣ ಹಾಕಿದ ಅವರೆಕಾಳು. ಕಾಳೇ ಹುಳ, ಮಕ್ಕಳೇ ಹಕ್ಕಿ, ಎರಡು ಬೆರಳೇ ಕೊಕ್ಕು. ಕೆಂಪು ಹುಳ ಕಣ್ಣಿಗೆ ಬಿದ್ದು ಸಾಯುತ್ತದೆ, ಹಸಿರು ಹುಳ ಹುಲ್ಲಲ್ಲಿ ಅಡಗಿ ಬದುಕುತ್ತದೆ. ನಿಸರ್ಗದ ಆಯ್ಕೆ ಸಾಬೀತು!

ಅತ್ತೆ ಕೃಷ್ಣಮ್ಮನವರು ದೇವರಾಯಸಮುದ್ರದಿಂದ ತರಿಸಿದ್ದ ಸೊಗಡಿನ ಅವರೆಯಲ್ಲಿ ಎರಡು ಸೇರು ಕಾಳು ಹೀಗೆ ವಿಜ್ಞಾನದ ಪಾಲಾಯಿತು. ಕೆಂಪಾಗಬೇಕಾದದ್ದು ಗುರುವಾರ ಸಂಜೆಯೇ ಬಣ್ಣದ ನೀರಿಗೆ ಬಿತ್ತು. ಪ್ರಯೋಗವೆಂದರೆ ಎರಡೂ ಪಕ್ಷಕ್ಕೆ ಸಮಾನ ನ್ಯಾಯ ಬೇಡವೇ? ಹಸಿರು ಕಾಳನ್ನೂ ಬರೀ ನೀರಿನಲ್ಲಿ ನೆನೆಹಾಕಿದಳು.

"ಒರಿ ನಾಯನೋ! ನೆನೆಹಾಕಿದ ಮೇಲೆ ಹಿತುಕಬೇಕಲ್ಲಮ್ಮಾ?" ಎಂದು ತೆಲುಗು ಬೆರೆಸಿ ಗಾಬರಿಯಾದರು ಕೃಷ್ಣಮ್ಮ.

"ಇದು ಪ್ರಯೋಗ ಅತ್ತೆ! ಯಾರೂ ಮುಟ್ಟೋ ಹಾಗಿಲ್ಲ!"

"ಸರಿ. ನನ್ನ ಕಾಳು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ ಬರ್ತೀನಿ."

ಶುಕ್ರವಾರ ಕೃಷ್ಣಮ್ಮನವರು ಖಾಲಿ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಹೆಡ್‌ಮಾಸ್ಟರ್, ಕೈಕಟ್ಟಿಕೊಂಡು. ಚಾದರದ ಸುತ್ತ ನಲವತ್ತು ಹಕ್ಕಿಗಳು. ಸೌಪರ್ಣಿಕಾ ಸುರಕ್ಷತಾ ಸೂಚನೆಗಳನ್ನು ಹೊರಡಿಸಿದಳು: ಮೂಗಿಗೆ ಹಾಕಬಾರದು, ಕಿವಿಗೆ ಹಾಕಬಾರದು, ಬಾಯಿಗೆ ಹಾಕಬಾರದು, ಪಕ್ಕದವರ ಮೂಗಿಗಂತೂ ಹಾಕಲೇಬಾರದು! ಬ್ಯಾಗಿನಲ್ಲಿ ಬ್ಯಾಂಡೇಜು, ಡೆಟಾಲು, ಡಾಕ್ಟರ ನಂಬರು ಎಲ್ಲವೂ ಇದ್ದವು.

ಹಿತುಕಬಾರದು ಎಂದು ಮಾತ್ರ ಹೇಳಿರಲಿಲ್ಲ.

"ಹಕ್ಕಿಗಳೇ, ಹಾರಿ!" ಎಂದು ಚಪ್ಪಾಳೆ ತಟ್ಟಿದಳು.

ಕಣ್ಣು ಬಿಟ್ಟಾಗಿನಿಂದ ಅವರೆಕಾಲದಲ್ಲಿ ಅಜ್ಜಿಯರ ಪಕ್ಕ ಕೂತು ಪಳಗಿದ ಕೈಗಳವು. ನೆನೆದ ಕಾಳು ಬೆರಳಿಗೆ ಸಿಕ್ಕಿದ್ದೇ ತಡ, ಪುಳಕ್! ಸಿಪ್ಪೆ ಬೆರಳಲ್ಲಿ, ಬೇಳೆ ಗಾಳಿಯಲ್ಲಿ. ಪುಳಕ್! ಪುಳಕ್! ನಲವತ್ತು ಜೊತೆ ಬೆರಳುಗಳಿಂದ ಬೇಳೆಯ ಬಾಣಗಳು ಹೊರಟವು. ಒಂದು ಕರಿಹಲಗೆಗೆ ಬಡಿಯಿತು. ಇನ್ನೊಂದು ಹೆಡ್‌ಮಾಸ್ಟರ ಕನ್ನಡಕಕ್ಕೆ!

"ಹಿತುಕಬೇಡಿ! ಹೆಕ್ಕಿ! ಲೇ ಮೇಧಾ, ನೀನೂನಾ?"

"ಕೈ ತಾನಾಗೇ ಹಿತುಕುತ್ತಮ್ಮಾ!"

ಕಾಲು ಗಂಟೆಯಲ್ಲಿ ಹುಲ್ಲುಗಾವಲು ಶಾಂತವಾಯಿತು. ಹಸಿರು ಕಾಳು ಒಂದೂ ಉಳಿದಿರಲಿಲ್ಲ. ಕೆಂಪು ಕಾಳುಗಳು ಮಾತ್ರ ಚಾದರದ ಮೇಲೆ ಕೂದಲೂ ಕೊಂಕದೆ ಮೆರೆಯುತ್ತಿದ್ದವು.

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡರು. "ಹಸಿರು ಬದುಕುತ್ತೆ ಅಂದ್ರಿ. ಇಲ್ಲಿ ಹಸಿರಿನ ವಂಶನೇ ನಿರ್ನಾಮ ಆಗಿದೆಯಲ್ಲಮ್ಮಾ? ಸೋಮವಾರದಿಂದ ಮಗ್ಗಿ ತಾನೇ?"

"ಇಲ್ಲ ಸಾರ್! ಪ್ರಯೋಗ ತಪ್ಪಿಲ್ಲ! ಹಕ್ಕಿಗಳು ತಪ್ಪು!" ಎಂದಳು ಸೌಪರ್ಣಿಕಾ. ಸೊಂಟದ ಮೇಲೆ ಕೈ ಇತ್ತು.

ಕೃಷ್ಣಮ್ಮನವರು ಡಬ್ಬಿ ಹಿಡಿದು ಮಕ್ಕಳ ಬಳಿ ಎದ್ದು ಬಂದರು. "ಏನ್ರೋ ಪಿಲ್ಲಲೂ, ಕೆಂಪಿಂದು ಯಾಕೆ ಮುಟ್ಲಿಲ್ಲ?"

"ಬಣ್ಣ ಬಿಡ್ತಾ ಇದೆ ಅಜ್ಜಿ! ತಿಂದ್ರೆ ಹೊಟ್ಟೆನೋವು ಬರುತ್ತೆ!" ನಲವತ್ತು ಕೊರಳು ಒಂದಾದವು.

"ಕೇಳಿಸ್ತಾ ಮೇಷ್ಟ್ರೇ? ಕೆಂಪು ಕಂಡು ಹಕ್ಕಿ ಹೆದರ್ತು. ಹೆದರಿದ್ದಕ್ಕೆ ಕೆಂಪು ಹುಳ ಉಳ್ಕೊಂತು. ಉಳ್ಕೊಂಡಿದ್ದೇ ಮರಿ ಹಾಕೋದು. ಇನ್ಮೇಲೆ ತೋಟದ ತುಂಬಾ ಕೆಂಪು ಹುಳಾನೇ. ಇಷ್ಟೇ ತಾನೇ ಇವಳು ಹೇಳೋಕೆ ಹೊರಟಿದ್ದು?"

"ಎಚ್ಚರಿಕೆಯ ಬಣ್ಣ! ಇದೂ ನಿಸರ್ಗದ ಆಯ್ಕೆನೇ ಸಾರ್! ನಾನು ಮೊದಲೇ..." ಎಂದು ಸೌಪರ್ಣಿಕಾ ಎದೆಯುಬ್ಬಿಸಿದಳು.

"ಅಜ್ಜಿ ಹೇಳಿದ್ದು ನನಗೂ ಅರ್ಥ ಆಯ್ತು," ಎಂದರು ಕೋದಂಡರಾಮಪ್ಪ. "ಶುಕ್ರವಾರದ ಪೀರಿಯಡ್ ಇರ್ಲಿ. ಪಾಠ ಅವರೇ ಮಾಡ್ಲಿ. ನೀವು ಕಾಳು ಎರಚಿ ಸಾಕು."

ಗೆದ್ದೆನೋ ಸೋತೆನೋ ತಿಳಿಯದೆ ಸೌಪರ್ಣಿಕಾ ಅತ್ತೆಯ ಕಡೆ ತಿರುಗಿದಳು. ಅವರು ಚಾದರದ ಮೂಲೆಮೂಲೆಯಿಂದ ಹಿತುಕಿದ ಬೇಳೆಯನ್ನು ಡಬ್ಬಿಗೆ ತುಂಬುತ್ತಿದ್ದರು.

"ಇಷ್ಟು ಹಿತುಕೋಕೆ ನಾನು ಅರ್ಧ ದಿನ ಕೂರ್ಬೇಕಿತ್ತು ಕಣಮ್ಮಾ, ಕಾಲು ಗಂಟೆಲಿ ಮುಗಿಸಿದ್ದಾರೆ! ಮುಂದಿನ ಶುಕ್ರವಾರ ಐದು ಸೇರು ನೆನೆಹಾಕು. ಕೆಂಪು ಬಣ್ಣ ಮಾತ್ರ ಬೇಡ. ಅದನ್ನ ಯಾರೂ ಹಿತುಕಲ್ಲ, ವಿಕಾಸ ಸುಮ್ಮನೆ ವೇಸ್ಟ್ ಆಗುತ್ತೆ!"