ಹಾಯಿದೋಣಿಗೆ ಇಟ್ಟ ಆರತಿ

ಹಳೆಯದೊಂದು ಹಾಯಿದೋಣಿ ಕೊಳ್ಳುವ ಸುದ್ದಿಯನ್ನು ಮಾಳಿಂಗರಾಯ ಮನೆಯಲ್ಲಷ್ಟೇ ಹೇಳಿದ್ದರೆ ಸಾಕಿತ್ತು. ಸಾವಳಗಿಯ ಚಹಾದಂಗಡಿಯಲ್ಲಿ ಹೇಳಿಬಿಟ್ಟ.

"ನಾಳೆ ಸಂಜೀಕ ಟ್ರ್ಯಾಕ್ಟರ್‌ನ್ಯಾಗ ಹೇರಿಕೊಂಡು ಬರ್ತೇನಿ. ಆರತಿ ತಯಾರ ಇಡ್ರಿ!"

ಇನ್ನು ಬರಿಗೈಯಲ್ಲಿ ಬಂದರೆ ಊರಲ್ಲಿ ಮುಖ ತೋರಿಸುವಂತಿರಲಿಲ್ಲ.

ಬೀಳಗಿ ಹತ್ತಿರದ ಹಿನ್ನೀರಿನ ದೋಣಿ ಕ್ಲಬ್ಬು ಸೇರಿ ವರ್ಷವಾಗಿದ್ದರೂ ಅವನು ಕಂಡವರ ದೋಣಿಯಲ್ಲಿ ಹಗ್ಗ ಹಿಡಿದದ್ದೇ ಬಂತು. ಅವನಿಗೆ ಶರ್ಯತ್ತಿನ ಪೈಪೋಟಿಗೆ ಓಡುವ ದೋಣಿ ಬೇಕು. ಹೆಂಡತಿ ವೈಶಾಲಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ತಿರುಗುವ ದೋಣಿ ಬೇಕು. ಕೊಳ್ಳುವುದು ಮಾತ್ರ ಒಂದೇ.

"ಶರ್ಯತ್ತಿಗೂ ಆಗಬೇಕು, ದಿಬ್ಬಣದ ಚಕ್ಕಡಿಗೂ ಆಗಬೇಕು. ಅಂಥಾದ್ದು ನಾ ಆರಿಸಿ ಕೊಡ್ತೇನಿ," ಎಂದು ಮರುದಿನ ಬೆಳಿಗ್ಗೆ ಸೋದರಮಾವ ಸಾಬಣ್ಣ ಟ್ರ್ಯಾಕ್ಟರ್‌ನ ಟ್ರೇಲರ್ ಹತ್ತಿದ. ನಲವತ್ತು ವರ್ಷ ಎತ್ತಿನ ದಲಾಲಿ ಮಾಡಿದವನು.

"ಕುಂದ್ರಾಕ ಜಾಗಾ ಐತೋ ಇಲ್ಲೋ ನಾ ನೋಡ್ತೇನಿ," ಎಂದು ಮಾಳಿಂಗರಾಯನ ಅಕ್ಕ ಯಲ್ಲಕ್ಕನೂ ಹತ್ತಿದಳು. ಟ್ರೇಲರ್‌ನ ಗಾಲಿಗಳು ನಿಟ್ಟುಸಿರು ಬಿಟ್ಟವು.

ಹಿನ್ನೀರಿನ ದಂಡೆಯಲ್ಲಿ ಕಟ್ಟಿದ್ದ ಆ ದೋಣಿ ಜಮಖಂಡಿಯ ವ್ಯಾಪಾರಿ ಚನಮಲ್ಲಪ್ಪನದು. ಮೂರು ವರ್ಷವೂ ಶರ್ಯತ್ತಿನಲ್ಲಿ ಕೊನೆಗೆ ಬಂದದ್ದಕ್ಕೇ ಅವನು ಮಾರಲು ಹೊರಟಿದ್ದ. ಸಾಬಣ್ಣ ಅದರ ಬೆನ್ನು ತಟ್ಟಿದ, ಎತ್ತಿಗೆ ನೋಡುವಂತೆ ಬಗ್ಗಿ ಸುಳಿ ಹುಡುಕಿದ. ಹಲ್ಲು ಎಣಿಸಿ ವಯಸ್ಸು ಹೇಳಲು ಬಾಯಿಯೇ ಇಲ್ಲವಲ್ಲ ಎಂದು ಬೇಸರಪಟ್ಟ.

ಮಾಳಿಂಗರಾಯನಿಗೆ ನೋಡಿದ ಕೂಡಲೇ ಮನಸ್ಸಾಯಿತು. ಮುಂಗಡ ತೆಗೆಯಲು ಜೇಬಿಗೆ ಕೈ ಹಾಕಿದ. ಸಾಬಣ್ಣ ಆ ಕೈ ಹಿಡಿದ.

"ಹೂಡಿ ನೋಡದ ಎತ್ತಿಗೆ ರೊಕ್ಕಾ ಕೊಡ್ತಾರೇನಲೇ? ಇವತ್ತ ಶರ್ಯತ್ತು ಐತಲ್ಲ, ಮೊದಲ ಓಡ್ಸು!"

"ಓಡ್ಸ್ರಿ, ನಂದೇನ ಹೋಗ್ತೈತಿ," ಎಂದ ಚನಮಲ್ಲಪ್ಪ ಸಪ್ಪಗೆ.

"ನಾ ಕುಂತ ನೋಡದ ಖರೀದಿ ಇಲ್ಲ," ಎಂದು ಯಲ್ಲಕ್ಕ ಬುತ್ತಿ ಸಮೇತ ಏರಿದಳು. ದಂಡೆಯ ಮಂದಿ ಹೊಟ್ಟೆ ಹಿಡಿದು ನಕ್ಕರು.

ಮಾಳಿಂಗರಾಯ ಚುಕ್ಕಾಣಿ ಹಿಡಿದು ದೋಣಿ ಬಿಟ್ಟ. ನಡುನೀರಿಗೆ ಹೋಗುತ್ತಲೇ ಗಾಳಿ ಮೊಂಡ ಎಮ್ಮೆಯಂತೆ ಹಾಯ್ದು ಬಂತು. ಹಗುರ ದೋಣಿಗಳೆಲ್ಲ ಹೆದರಿ ಹಾಯಿ ಇಳಿಸಿದವು. ಇವರದ್ದೂ ವಾಲಿತು.

"ಅಕ್ಕಾ, ಆ ಕಡಿ ಸರಿ ಬೇ!"

"ರೊಟ್ಟಿ ತಿನ್ನಾಕತ್ತೇನಿ, ತಡಿಯೋ!"

"ತಿನಕೋತನ ಸರಿ!"

ಯಲ್ಲಕ್ಕ ಸರಿದಳು. ಅವಳ ಭಾರಕ್ಕೆ ದೋಣಿ ಮಠದ ಗದ್ದುಗೆಯಂತೆ ಅಲುಗಾಡದೆ ನೆಟ್ಟಗೆ ಕೂತಿತು. ಹಾಯಿ ಪೂರ್ತಿ ಉಬ್ಬಿತು. ತಿರುವು ಬಂದಾಗ ಅವಳು ಈ ಕಡೆ ಸರಿದಳು, ಚಟ್ನಿ ಚೆಲ್ಲದಂತೆ. ಬುತ್ತಿ ಮುಗಿಯುವುದರೊಳಗೆ ಶರ್ಯತ್ತು ಗೆದ್ದಾಗಿತ್ತು.

ಮಾಳಿಂಗರಾಯನ ಎದೆ ಹಾಯಿಗಿಂತ ಹೆಚ್ಚು ಉಬ್ಬಿತು. "ನನ್ನ ದೋಣಿ!" ಎಂದು ಕೂಗುತ್ತ ದಂಡೆಗೆ ಜಿಗಿದು ಮುಂಗಡ ಚಾಚಿದ.

ಚನಮಲ್ಲಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಸಾಬಣ್ಣಾರ, ನೀವ ಹೇಳ್ರಿ. ಶರ್ಯತ್ತು ಗೆದ್ದ ಎತ್ತು ಯಾರರ ಮಾರ್ತಾರೇನ್ರಿ?"

ಸಾಬಣ್ಣ ಮೀಸೆ ನೀವಿಕೊಂಡ. "ಇಲ್ರಿ. ಮಾರಂಗಿಲ್ಲ."

"ಮಾವಾ!"

"ನಾ ಏನ ಮಾಡ್ಲೆಪಾ? ರಿವಾಜು."

ಚನಮಲ್ಲಪ್ಪ ಯಲ್ಲಕ್ಕನಿಗೆ ಕೈ ಮುಗಿದ. "ಅಕ್ಕಾರ, ನಮ್ಮ ದೋಣ್ಯಾಗ ಇನ್ನ ನಿಮ್ಮ ಜಾಗಾ ಕಾಯಂ ರಿ."

ಸಂಜೆ ಸಾವಳಗಿಯಲ್ಲಿ ಸ್ವಾಗತಕ್ಕೆ ಹಲಗೆ ವಾದ್ಯ ಬಾರಿಸುತ್ತಿದ್ದರು. ವೈಶಾಲಿ ಆರತಿ ಹಿಡಿದು ನಿಂತಿದ್ದಳು. ಟ್ರೇಲರ್‌ನಲ್ಲಿ ದೋಣಿಯಿರಲಿಲ್ಲ. ಹಣೆತುಂಬ ಅರಿಸಿನದ ಭಂಡಾರ ಹಚ್ಚಿಕೊಂಡು, ತೊಡೆಯ ಮೇಲೆ ಶರ್ಯತ್ತಿನ ಬಹುಮಾನದ ಬೆಳ್ಳಿ ಬಣ್ಣದ ಕಪ್ಪು ಇಟ್ಟುಕೊಂಡು ಯಲ್ಲಕ್ಕ ಕೂತಿದ್ದಳು.

"ದೋಣಿ ಎಲ್ಲಿ?" ಎಂದಳು ವೈಶಾಲಿ.

"ಗೆದ್ದದ್ದನ್ನ ತಂದೇವಿ, ಆರತಿ ಎತ್ತವಾ!" ಎಂದ ಸಾಬಣ್ಣ ಹೆಮ್ಮೆಯಿಂದ.

ಆರತಿಯಾಯಿತು. ಯಲ್ಲಕ್ಕ ತಮ್ಮನ ಭುಜ ತಟ್ಟಿದಳು.

"ಮುಂದಿನ ಐತವಾರ ನೀನೂ ಬಾರೋ ತಮ್ಮಾ. ನಮ್ಮ ದೋಣ್ಯಾಗ ಹಗ್ಗ ಹಿಡ್ಯಾಕ ಒಬ್ಬಾಂವ ಬೇಕಾಗ್ಯಾನ."